ಮನೆಗೆ ಬ್ಯಾಂಕಿನ ನೋಟೀಸು ಬಂದರೆ...

ಮನೆ ಕಟ್ಟಿ ನೋಡು ಅಂತಾರೆ ಹಿರಿಯರು. ಸಾಲ ಮಾಡಿ ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ನಮ್ಮ ಘತ್ತರಗಿ ಕಡೆ ಎಷ್ಟೋ ಮನೆಗಳಲ್ಲಿ ನೋಟೀಸು ಬಂದರೆ ಗಂಡಸರು ಟ್ರಂಕಿನಲ್ಲಿ ಮುಚ್ಚಿಟ್ಟುಬಿಡುತ್ತಾರೆ. ಹಾಗೆ ಮಾಡಬಾರದು, ದಿನಗಳ ಲೆಕ್ಕ ಅಂದಿನಿಂದಲೇ ಶುರು!

2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ಅಡವಿಟ್ಟ ಮನೆಯನ್ನು ವಶಪಡಿಸಿಕೊಳ್ಳಬಹುದು. ಆದರೆ ಮೊದಲು 60 ದಿನಗಳ ನೋಟೀಸು ಕೊಡಲೇಬೇಕು. ನಿಮ್ಮ ತಕರಾರನ್ನು ಬರೆದು ಕೊಡಿ; ಒಪ್ಪದಿದ್ದರೆ ಬ್ಯಾಂಕು 15 ದಿನದೊಳಗೆ ಕಾರಣ ತಿಳಿಸಬೇಕು. ಮನೆ ವಶವಾದರೂ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹರಾಜಿನ ಪ್ರಕಟಣೆಗೆ ಮುಂಚೆ ಖರ್ಚು ಸಹಿತ ಪೂರ್ತಿ ಬಾಕಿ ಕಟ್ಟಿದರೆ ಮನೆ ಉಳಿಯುತ್ತದೆ. ಹರಾಜಾಗಿ, ಸಾಲ ತೀರಿ ಮಿಕ್ಕ ಹಣ ನಿಮ್ಮದೇ. ಕಡಿಮೆ ಬಿದ್ದರೆ ಹೊಣೆಯೂ ನಿಮ್ಮದೇ. ಸಾಗುವಳಿ ಜಮೀನಿಗೆ ಮಾತ್ರ ಈ ಕಾಯಿದೆ ಅನ್ವಯಿಸದು.

ಇನ್ನೊಂದು ಮಾತು ನೆನಪಿಡಿ. ಜಾಮೀನಿಗೆ ಸಹಿ ಹಾಕಿದವಳೂ ಸಾಲಕ್ಕೆ ಹೊಣೆಗಾರಳೇ. ‘ಇಲ್ಲೊಂದು ಸೈನ್ ಮಾಡು’ ಅಂದರೆ, ಓದಿಸಿ ಕೇಳದೆ ಪೆನ್ನು ಹಿಡಿಯಬೇಡಿ.

ವಕೀಲರಿಗೆ ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಪುಕ್ಕಟೆ ನೆರವುಂಟು. ಕಲಬುರಗಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನೋಟೀಸು ಹಿಡಿದುಕೊಂಡೇ ಹೋಗಿ. ನಾಚಿಕೆ ಬೇಡ, ತಡ ಮಾತ್ರ ಮಾಡಬೇಡಿ.