ಪರರ ಗಂಟಿನ ಕಾವಲು

ಅಳ್ನಾವರದಿಂದ ಕಾಡಿನ ನಡುವೆ ಸಾಗಿ ಬರುವ ರೈಲುಹಳಿಯ ಮೇಲಿನ ಒಂದು ನಿಲ್ದಾಣ ಅಂಬೇವಾಡಿ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಪಟ್ಟಣಕ್ಕೆ ಅದು ಹೊಂದಿಕೊಂಡೇ ಇದೆ. ಕಾಳೀನದಿಯ ದಂಡೆಯ ಮೇಲೆ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಸ್ಥಾಪಿತವಾಗಿ, 1959ರಲ್ಲಿ ಅಲ್ಲಿ ಕಾಗದದ ಉತ್ಪಾದನೆ ಆರಂಭವಾಯಿತು. ಕಾಡಿನ ಬಿದಿರು ಕಾಗದವಾಗತೊಡಗಿದಂತೆ ಈ ಸೀಮೆಯ ಜನಜೀವನವೂ ಬೇರೊಂದು ರೂಪ ತಾಳಿತು. ಸುಗ್ಗಿಯ ಕಾಲದಲ್ಲಿ ಮಾತ್ರ ಕೈಯಲ್ಲಿ ಕಾಸು ಕಾಣುತ್ತಿದ್ದ ಮನೆಗಳಿಗೆ ತಿಂಗಳು ತಿಂಗಳೂ ಸಂಬಳ ಬರತೊಡಗಿತು.

ಸಂಬಳದೊಡನೆ ಸಂಬಳದ ಚೀಟಿಯೂ ಬರುತ್ತದೆ. ಕಾರ್ಮಿಕನಾದವನು ಅದನ್ನು ಬಿಡಿಸಿ ನೋಡಿದಾಗ, ದುಡಿದ ಹಣದಲ್ಲಿ ಒಂದು ಪಾಲು ಕೈಸೇರುವ ಮೊದಲೇ ಕಡಿತವಾಗಿರುವುದು ಕಾಣುತ್ತದೆ. ಅದರ ಎದುರಿಗೆ ಪಿ. ಎಫ್. ಎಂಬ ಎರಡು ಅಕ್ಷರಗಳು ಇರುತ್ತವೆ. ಭವಿಷ್ಯ ನಿಧಿ ಎಂಬುದು ಅದರ ಕನ್ನಡ ಹೆಸರು. ಹಳ್ಳಿಯಲ್ಲಿ ಹಣ ಕೂಡಿಸುವವರು ಗಡಿಗೆಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಇಟ್ಟು, ಆಗಾಗ ಮುಟ್ಟಿ ನೋಡಿ ಸಮಾಧಾನಪಡುತ್ತಾರೆ. ಈ ಹಣವನ್ನಾದರೋ ಮುಟ್ಟಿ ನೋಡುವಂತಿಲ್ಲ. ಹಾಗಾದರೆ ಇದು ಎಲ್ಲಿಗೆ ಹೋಗುತ್ತದೆ? ಮೂವತ್ತು ವರ್ಷಗಳ ಕಾಲ ಇದನ್ನು ಯಾರು ಕಾಯುತ್ತಾರೆ?

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಾರ್ಖಾನೆಯ ಕೆಲಸಗಾರನಿಗೆ ಮುಪ್ಪಿನ ಕಾಲಕ್ಕೆ ಆಧಾರವಾಗಿ ನಿಶ್ಚಿತವಾದುದು ಏನೂ ಇರಲಿಲ್ಲ. ಈ ಕೊರತೆಯನ್ನು ನೀಗಲು 1951ರ ನವೆಂಬರಿನಲ್ಲಿ ಒಂದು ಸುಗ್ರೀವಾಜ್ಞೆಯೂ, 1952ರಲ್ಲಿ ಅದರ ಸ್ಥಾನದಲ್ಲಿ ನೌಕರರ ಭವಿಷ್ಯ ನಿಧಿ ಕಾಯಿದೆಯೂ ಹೊರಟವು. ಮೊದಲಿಗೆ ಆ ಕಾಯಿದೆ ಅನ್ವಯವಾದುದು ಆರೇ ಉದ್ಯಮಗಳಿಗೆ: ಸಿಮೆಂಟು, ಸಿಗರೇಟು, ಯಂತ್ರೋಪಕರಣ, ಕಬ್ಬಿಣ ಮತ್ತು ಉಕ್ಕು, ಜವಳಿ ಹಾಗೂ ಕಾಗದ. ದಾಂಡೇಲಿಯಲ್ಲಿ ಮಿಲ್ಲು ತಲೆಯೆತ್ತುವ ಮೊದಲೇ ಕಾಗದದ ಉದ್ಯಮ ಈ ಪಟ್ಟಿಯಲ್ಲಿ ಸೇರಿತ್ತೆಂಬುದು ಗಮನಿಸತಕ್ಕ ಸಂಗತಿ. ಆಗ ಕೆಲಸಗಾರನು ಕೊಡಬೇಕಾಗಿದ್ದುದು ವೇತನದ ಶೇಕಡಾ 6.25ರಷ್ಟು. ಅಂದಿನ ನಾಣ್ಯಪದ್ಧತಿಯಲ್ಲಿ ಹೇಳುವುದಾದರೆ ರೂಪಾಯಿಗೆ ಒಂದು ಆಣೆ. ಮಾಲೀಕನು ಅಷ್ಟೇ ಹಣವನ್ನು ತನ್ನ ಕಡೆಯಿಂದ ಸೇರಿಸಬೇಕಾಗಿತ್ತು. ಕಾಲಕ್ರಮದಲ್ಲಿ ಇದು ಏರುತ್ತ ಹೋಗಿ, 1997ರಿಂದ ಸಾಮಾನ್ಯವಾಗಿ ಶೇಕಡಾ 12 ಆಗಿದೆ.

ಹೀಗೆ ದೇಶದ ಕೋಟ್ಯಂತರ ಜನರ ಆಣೆಗಳು ಸೇರಿ ಒಂದು ಮಹಾನಿಧಿಯಾಗಿ ಬೆಳೆದವು. ನಿಧಿಯನ್ನು ಕೂಡಿಸುವುದು ಸುಲಭ. ಕಾನೂನಿನ ಬಲವಿದ್ದರೆ ಸಾಕು. ಕಾಯುವುದು ಕಠಿಣ. ಈ ಹೊಣೆಯನ್ನು ಕಾಯಿದೆಯು ಕೇಂದ್ರ ಧರ್ಮದರ್ಶಿ ಮಂಡಳಿಗೆ ವಹಿಸಿಕೊಟ್ಟಿತು. ಧರ್ಮದರ್ಶಿ ಎಂಬ ಮಾತು ದೇವಸ್ಥಾನಗಳಿಂದಾಗಿ ನಮಗೆ ಪರಿಚಿತವಾದುದೇ ಆಗಿದೆ. ದೇವರ ಹೊಲದ ಉತ್ಪನ್ನವನ್ನು ಲೆಕ್ಕವಿಟ್ಟು ಪೂಜೆಗೂ ಉತ್ಸವಕ್ಕೂ ಒದಗಿಸುವವನು ಆ ಹೊಲದ ಒಡೆಯನಲ್ಲ. ಪತ್ರದಲ್ಲಿ ಅವನ ಹೆಸರಿದ್ದರೂ ಒಂದು ತೆನೆಯೂ ಅವನದಲ್ಲ. 1882ರ ಭಾರತೀಯ ನ್ಯಾಸ ಕಾಯಿದೆಯು ಇದೇ ಭಾವವನ್ನು ಕಾನೂನಿನ ಭಾಷೆಯಲ್ಲಿ ಹೇಳಿತು. ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಸ್ವತ್ತನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುವನೋ ಅಷ್ಟು ಎಚ್ಚರದಿಂದ ನ್ಯಾಸದ ಸ್ವತ್ತನ್ನು ನೋಡಿಕೊಳ್ಳಬೇಕು. ಅದರಿಂದ ಸ್ವಂತಕ್ಕೆ ಲಾಭ ಮಾಡಿಕೊಳ್ಳಕೂಡದು. ಅತಿಮಾನುಷ ಜಾಣ್ಮೆಯನ್ನು ಕಾನೂನು ಕೇಳಲಿಲ್ಲ. ಎಚ್ಚರವನ್ನು ಮಾತ್ರ ಕೇಳಿತು.

ಈ ಮಂಡಳಿಯ ರಚನೆಯೂ ಕುತೂಹಲಕರವಾಗಿದೆ. ಕೇಂದ್ರದ ಕಾರ್ಮಿಕ ಸಚಿವರು ಇದರ ಅಧ್ಯಕ್ಷರು. ಕೇಂದ್ರ ಸರ್ಕಾರದ ಪ್ರತಿನಿಧಿಗಳು ಐವರು, ರಾಜ್ಯಗಳ ಪ್ರತಿನಿಧಿಗಳು ಹದಿನೈವರು, ಮಾಲೀಕರ ಕಡೆಯವರು ಹತ್ತು ಮಂದಿ, ಕಾರ್ಮಿಕರ ಕಡೆಯವರು ಹತ್ತು ಮಂದಿ ಎಂದು 1952ರ ಕಾಯಿದೆಯ ಪದ್ಧತಿ. ಮಾಲೀಕ ಮತ್ತು ಕೆಲಸಗಾರ ಒಂದೇ ಮೇಜಿನ ಸುತ್ತ ಸಮಸಂಖ್ಯೆಯಲ್ಲಿ ಕುಳಿತುಕೊಳ್ಳುವುದು ಸಣ್ಣ ಸಾಧನೆಯಲ್ಲ. ಆದರೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ನಲವತ್ತಕ್ಕೂ ಹೆಚ್ಚು ಮಂದಿಯ ಆ ಸಭೆಯಲ್ಲಿ ಹಣದ ನಿಜವಾದ ಒಡೆಯರ ಪರವಾಗಿ ಬಂದವರು ಹತ್ತೇ ಮಂದಿ. ಸಂಖ್ಯಾಬಲದಿಂದ ಅವರು ಗೆಲ್ಲಲಾರರು. ಕೇಳುವ ಪ್ರಶ್ನೆಯೇ ಅವರ ಬಲ.

ಪ್ರಶ್ನೆ ಕೇಳುವವರಿಲ್ಲದೆ ಹೋದಾಗ ಏನಾಗುತ್ತದೆ ಎಂಬುದನ್ನು ಅದೇ ದಶಕದ ಇನ್ನೊಂದು ಘಟನೆ ದೇಶಕ್ಕೆ ತೋರಿಸಿಕೊಟ್ಟಿತು. ಅದು ಭವಿಷ್ಯ ನಿಧಿಗೆ ಸಂಬಂಧಿಸಿದ್ದಲ್ಲ, ಜೀವವಿಮೆಗೆ ಸಂಬಂಧಿಸಿದ್ದು. ಆದರೆ ಅಲ್ಲಿ ಇದ್ದುದೂ ಜನರು ನಂಬಿ ಕೊಟ್ಟ ಹಣವೇ. 1956ರ ಸೆಪ್ಟೆಂಬರಿನಲ್ಲಿ ಜೀವ ವಿಮಾ ನಿಗಮ ಸ್ಥಾಪನೆಯಾಯಿತು. ಹಣವನ್ನು ಎಲ್ಲಿ ಹೂಡಬೇಕೆಂದು ಸಲಹೆ ನೀಡಲು ಅದಕ್ಕೊಂದು ಹೂಡಿಕೆ ಸಮಿತಿ ಇತ್ತು. ವರ್ಷ ತುಂಬುವ ಮೊದಲೇ, 1957ರ ಜೂನ್ ತಿಂಗಳಿನಲ್ಲಿ, ಹರಿದಾಸ ಮುಂಧ್ರಾ ಎಂಬ ವ್ಯಾಪಾರಗಾರನ ಆರು ಕಂಪನಿಗಳ ಷೇರುಗಳನ್ನು ನಿಗಮವು ಸುಮಾರು ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಆ ವ್ಯಾಪಾರಗಾರ ಆಗಲೇ ಹಣದ ಇಕ್ಕಟ್ಟಿನಲ್ಲಿ ಸಿಲುಕಿದ್ದ. ಹೂಡಿಕೆ ಸಮಿತಿಯನ್ನು ಮುಂಚಿತವಾಗಿ ಕೇಳಲೇ ಇಲ್ಲ. ಕೇಳಿದ್ದರೆ ಒಬ್ಬರಾದರೂ ‘ಈ ಕಂಪನಿಗಳ ಸ್ಥಿತಿ ಹೇಗಿದೆ?’ ಎನ್ನುತ್ತಿದ್ದರೋ ಏನೋ.

ಆ ಪ್ರಶ್ನೆ ಕೊನೆಗೆ ಲೋಕಸಭೆಯಲ್ಲಿ ಬಂತು. ಎತ್ತಿದವರು ವಿರೋಧಪಕ್ಷದವರಲ್ಲ, ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿ. ಪ್ರಧಾನಿಯ ಅಳಿಯನೇ ಸರ್ಕಾರದ ವ್ಯವಹಾರವನ್ನು ಬಯಲಿಗೆಳೆದುದು ಆ ದಿನಗಳಲ್ಲಿ ದೊಡ್ಡ ಸುದ್ದಿಯಾಯಿತು. ಮುಂಬಯಿಯ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಚಾಗ್ಲಾ ಅವರು ವಿಚಾರಣೆಯನ್ನು ಮುಚ್ಚಿದ ಬಾಗಿಲುಗಳ ಹಿಂದೆ ನಡೆಸದೆ ಸಾರ್ವಜನಿಕರ ಎದುರಿಗೇ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಖರೀದಿಗೆ ತಾವು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಅವರು ಹೇಳಿದ್ದರು. ಇಲಾಖೆಯ ಕಾರ್ಯದರ್ಶಿ ಮಾಡಿದ್ದಕ್ಕೆ ಸಚಿವರೇ ಹೊಣೆ ಎಂಬುದು ಚಾಗ್ಲಾ ಅವರ ನಿರ್ಣಯವಾಗಿತ್ತು. ಮೌನವಾಗಿ ಸಹಿ ಮಾಡಿದವನೂ ಕಣ್ಣುಮುಚ್ಚಿ ಕುಳಿತವನೂ ‘ನನಗೆ ಗೊತ್ತಿರಲಿಲ್ಲ’ ಎಂದು ಪಾರಾಗುವ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು.

ಹಾಗೆಂದು ಹಣವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಬಿಟ್ಟರೆ ಧರ್ಮದರ್ಶಿಯ ಕರ್ತವ್ಯ ಮುಗಿಯುವುದೇ? ಇಲ್ಲ. ಬೆಲೆಗಳು ಏರುತ್ತಿರುವಾಗ ಸುಮ್ಮನೆ ಇಟ್ಟ ಹಣ ಗೆದ್ದಲು ಹತ್ತಿದ ಮರದಂತೆ ಒಳಗೊಳಗೇ ಸವೆಯುತ್ತದೆ. ಬಹುಕಾಲ ಭವಿಷ್ಯ ನಿಧಿಯ ಹಣವನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳು ಮುಂತಾದ ಭದ್ರವಾದ ಕಡೆಗಳಲ್ಲಿಯೇ ತೊಡಗಿಸಲಾಗುತ್ತಿತ್ತು. 2015ರ ಆಗಸ್ಟಿನಿಂದ, ಹೊಸದಾಗಿ ಹೂಡುವ ಹಣದಲ್ಲಿ ಶೇಕಡಾ 5ರಷ್ಟನ್ನು ಷೇರುಪೇಟೆಯ ಸೂಚ್ಯಂಕವನ್ನು ಅನುಸರಿಸುವ ನಿಧಿಗಳಲ್ಲಿ ಹಾಕತೊಡಗಿದರು; ಮುಂದೆ ಈ ಪ್ರಮಾಣ ಏರಿತು. ಕಾರ್ಮಿಕ ಸಂಘಗಳವರು ಇದನ್ನು ವಿರೋಧಿಸಿದರು. ಮುಪ್ಪಿನ ಅನ್ನವನ್ನು ಪೇಟೆಯ ಏರಿಳಿತಕ್ಕೆ ಒಡ್ಡಬಹುದೇ ಎಂಬುದು ಒಂದು ಪಕ್ಷ. ಮೂವತ್ತು ವರ್ಷ ಕಾಯುವ ಹಣ ಸ್ವಲ್ಪ ಏರಿಳಿತವನ್ನು ತಾಳಬಲ್ಲದು ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವುಂಟು, ಮೊದಲನೆಯದನ್ನು ಹೇಳುವವರು ಆ ಸಭೆಯಲ್ಲಿ ಇರುವುದು ಅಗತ್ಯವೆಂದು ಮಾತ್ರ ನಾವು ಹೇಳಬಹುದು.

ಹಣವನ್ನು ಎಲ್ಲಿ ಹೂಡಬೇಕೆಂಬುದರಂತೆಯೇ ಯಾವಾಗ ಹಿಂದಿರುಗಿಸಬೇಕೆಂಬುದೂ ತೊಡಕಿನ ಪ್ರಶ್ನೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಅದರಂತೆ, ಕೆಲಸ ಬಿಟ್ಟವರು ಮಾಲೀಕನು ಸೇರಿಸಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂದಕ್ಕೆ ಪಡೆಯುವಂತಿರಲಿಲ್ಲ. ಮುಪ್ಪಿಗಾಗಿ ಕೂಡಿಟ್ಟುದು ಮುಪ್ಪಿಗೇ ಉಳಿಯಲೆಂಬ ಆ ತರ್ಕ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಬಾಳಿನ ಲೆಕ್ಕ ಬೇರೆ. ಅಲ್ಲಿ ಒಂದೇ ಕಾರ್ಖಾನೆಯಲ್ಲಿ ಬಹುಕಾಲ ನಿಲ್ಲುವವರು ವಿರಳ. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಮಗುವಿನ ಶಾಲೆಗೆ, ಮನೆಯ ಕಾಯಿಲೆಗೆ, ಸಾಲದ ತೀರುವಳಿಗೆ ಆಧಾರ. ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ನಗರದ ದೊಡ್ಡ ರಸ್ತೆಗಳು ಸ್ತಬ್ಧವಾದವು. ಕೆಲವೆಡೆ ಹಿಂಸೆಯೂ ನಡೆದುದು ವಿಷಾದದ ಸಂಗತಿ. 19ರಂದೇ ಸರ್ಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಅದೇ ತಿಂಗಳಲ್ಲಿ ಇನ್ನೊಂದು ಜಗ್ಗಾಟ ನಡೆಯಿತು. 2015–16ನೆಯ ಸಾಲಿಗೆ ಶೇಕಡಾ 8.8ರಂತೆ ಬಡ್ಡಿ ಕೊಡಬೇಕೆಂದು ಧರ್ಮದರ್ಶಿ ಮಂಡಳಿ ತೀರ್ಮಾನಿಸಿತ್ತು. ಹಣಕಾಸು ಮಂತ್ರಾಲಯ ಒಪ್ಪಿದುದು 8.7ಕ್ಕೆ. ವ್ಯತ್ಯಾಸ ನೂರಕ್ಕೆ ಹತ್ತು ಪೈಸೆ. ಕಾರ್ಮಿಕ ಸಂಘಗಳು ಪಕ್ಷಭೇದವಿಲ್ಲದೆ ಪ್ರತಿಭಟಿಸಿದವು. ನಿಧಿಯ ಗಳಿಕೆಯನ್ನು ನೋಡಿ ಲೆಕ್ಕ ಹಾಕಿದ ಮಂಡಳಿಯ ತೀರ್ಮಾನವನ್ನು ಹೊರಗಿನವರು ಇಳಿಸುವುದೇಕೆಂಬುದು ಅವರ ಆಕ್ಷೇಪಣೆ. ಏಪ್ರಿಲ್ ಮುಗಿಯುವ ಮೊದಲೇ 8.8 ಮರಳಿ ಬಂತು. ದಾಂಡೇಲಿಯಂತಹ ಊರಿನಲ್ಲಿ ಐದು ಲಕ್ಷ ರೂಪಾಯಿ ಕೂಡಿಸಿಟ್ಟ ಕಾರ್ಮಿಕನೊಬ್ಬನ ಖಾತೆಯಲ್ಲಿ ಅದು ಆ ವರ್ಷ ಐನೂರು ರೂಪಾಯಿ.