ಹುಣಸೆ ಬೀಜದ ಲೆಕ್ಕ

ಗುಬ್ಬಿಯಲ್ಲಿ ‘ಆಟ’ ಅಂದರೆ ಹಿರಿಯರಿಗೆ ಮೊದಲು ನೆನಪಾಗುವುದು ನಾಟಕ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಆಮೇಲೆ ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ಮೆರೆದು, ಊರನ್ನು ನಾಡಿಗೆಲ್ಲ ಪರಿಚಯಿಸಿತು. ಇಲ್ಲಿ ಹೇಳಹೊರಟಿರುವುದು ಟಿಕೆಟ್ಟಿಲ್ಲದ ಇನ್ನೊಂದು ಆಟದ ಮಾತು: ಜಗಲಿಯ ಚೌಕಾಬಾರ.

ಹುಣಸೆಯ ಸೀಮೆ ನಮ್ಮದು. ಕವಡೆ ಕೊಳ್ಳುವ ಗೋಜಿಲ್ಲ. ದಪ್ಪನೆಯ ನಾಲ್ಕು ಬೀಜ ಆರಿಸಿ, ಒರಟು ಕಲ್ಲಿಗೆ ಒಂದು ಮಗ್ಗುಲು ಉಜ್ಜಿದರೆ ಕಂದು ಸಿಪ್ಪೆ ಹೋಗಿ ಬಿಳಿ ತಿರುಳು ಕಾಣುತ್ತದೆ. ಬೆರಳ ತುದಿ ಬಿಸಿಯಾಗುವಷ್ಟು ಉಜ್ಜಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿದರೆ ಪಟ ಸಿದ್ಧ. ಬಿಳಿ ಎಷ್ಟು ಬಿತ್ತೋ ಅಷ್ಟು ಮನೆ ನಡೆ; ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಬಾರ, ಅಂದರೆ ಎಂಟು.

ಗಣಿತ ಒಳಗೆ ನುಸುಳಿರುವುದು ಇಲ್ಲೇ. ನಾಲ್ಕು ಬೀಜ ಬೀಳಲು ಹದಿನಾರು ದಾರಿ. ಅದರಲ್ಲಿ ಎರಡು ಬರಲು ಆರು ದಾರಿ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೂ ಬಾರಕ್ಕೂ ಒಂದೊಂದೇ. ಆ ಅಪರೂಪಕ್ಕೇ ಅವೆರಡಕ್ಕೆ ಮತ್ತೊಂದು ಕೈ ಆಡುವ ಭಾಗ್ಯ. ಸಂಭವನೀಯತೆ ಎಂಬ ಪಾಠ ಬರುವ ಎಷ್ಟೋ ವರ್ಷ ಮೊದಲೇ, ಎರಡು ಮನೆ ಹಿಂದೆ ಎದುರಾಳಿ ಇದ್ದಾನೆಂದರೆ ಮೈ ಜುಮ್ಮೆನ್ನುವುದನ್ನು ಮಕ್ಕಳು ಕಲಿತಿರುತ್ತಾರೆ.

ಇಂಥ ಆಟಗಳನ್ನು ಕೂತು ಯೋಚಿಸಿ ಕಟ್ಟಿದವರೂ ನಮ್ಮಲ್ಲಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ‘ಕೌತುಕನಿಧಿ’ ಇಡಿಯಾಗಿ ಆಟಗಳಿಗೇ ಮೀಸಲು. ಪರಮಪದ ಸೋಪಾನ ಪಟದವರ ದಾರಿ ಬೇರೆ: ಏಣಿಗೆ ಪುಣ್ಯದ ಹೆಸರು, ಹಾವಿಗೆ ಪಾಪದ ಹೆಸರು. ಇಂಗ್ಲೆಂಡಿಗೆ ಹೋಗಿ ಬರೀ ಹಾವು-ಏಣಿಯಾದ ಮೇಲೆ ಆ ಹೆಸರುಗಳು ಮಾಸಿದವು, ಆಟ ಮಾತ್ರ ಹಾಗೇ ನಡೆಯಿತು. ನನಗೆ ಅನ್ನಿಸುವುದಿಷ್ಟು: ಪಟದ ಮೇಲೆ ಬರೆದ ನೀತಿ ಅಳಿಸಿಹೋಗುತ್ತದೆ, ನಿಯಮದಲ್ಲಿ ಬೆಸೆದದ್ದು ಉಳಿಯುತ್ತದೆ. ಹಾವು-ಏಣಿಯಲ್ಲಿ ಆಡುವವನು ಏನನ್ನೂ ಆಯ್ದುಕೊಳ್ಳುವಂತಿಲ್ಲ. ಚೌಕಾಬಾರದಲ್ಲಿ ಯಾವ ಕಾಯಿ ನಡೆಸಲಿ, ಯಾವುದನ್ನು ಕಟ್ಟೆಯಲ್ಲೇ (ಹೊಡೆಯಲಾಗದ ಕತ್ತರಿ ಗುರುತಿನ ಮನೆಯಲ್ಲೇ) ಕೂರಿಸಲಿ ಎಂದು ಪ್ರತಿ ಕೈಗೂ ತಲೆ ಕೆರೆದುಕೊಳ್ಳಬೇಕು. ಹೊಡೆಸಿಕೊಂಡ ಕಾಯಿ ಮರಳಿ ಮನೆಯಿಂದಲೇ ಹೊರಡಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮ, ಜೀವನ ಕೌಶಲದ ತರಬೇತುದಾರರಿಗೆ ತುಸು ಮುಜುಗರ ತಂದೀತು! ಮಧ್ಯದ ಮನೆ ಮುಟ್ಟಿದ ಕಾಯಿ ‘ಹಣ್ಣು’.

ಶಾಲೆಯೊಳಕ್ಕೆ ಆಟ ಅಧಿಕೃತವಾಗಿ ಬಂದದ್ದು ನಲಿ-ಕಲಿಯಿಂದ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿ ಶಾಲೆಯ ಕಾರ್ಡು ಪದ್ಧತಿಯಿಂದ ಪ್ರೇರಣೆ ಪಡೆದು ಸರ್ಕಾರಿ ಶಾಲೆಯ ಶಿಕ್ಷಕರೇ ಕಟ್ಟಿದ ಕ್ರಮ ಅದು. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಅಲ್ಲೂ ಒಂದು ಏಣಿಯಿದೆ, ಕಲಿಕಾ ಏಣಿ. ಹಾವಿಲ್ಲ. ಮಗು ತನ್ನ ಮೆಟ್ಟಿಲಿನ ಕಾರ್ಡು ತಾನೇ ಹುಡುಕಿಕೊಂಡು, ತನ್ನ ವೇಗದಲ್ಲೇ ಹತ್ತುತ್ತದೆ.

ಮೇಷ್ಟ್ರುಗಳಲ್ಲಿ, ಮನೆಯ ಅಜ್ಜಿಯರಲ್ಲಿ ಒಂದು ಕೋರಿಕೆ. ಈ ಸಲ ಹುಣಸೆ ಕುಟ್ಟುವಾಗ ನಾಲ್ಕು ಬೀಜ ಎತ್ತಿಡಿ. ನೂರಾ ಅರವತ್ತು ಸಲ ಬಿಡಿಸಿ, ಬಿದ್ದದ್ದನ್ನು ಗೀಟು ಹಾಕಿ ಎಣಿಸಲು ಮಕ್ಕಳಿಗೆ ಹೇಳಿ. ಬೀಜದ ಎರಡೂ ಮಗ್ಗುಲು ಸಮನಾಗಿ ಬೀಳುವಂತಿದ್ದರೆ ಚೌಕ ಹತ್ತರ ಆಸುಪಾಸು, ಎರಡು ಅರವತ್ತರ ಆಸುಪಾಸು ಬರಬೇಕು. ತೀರಾ ದೂರ ಹೋದರೆ ಬೇರೆ ಬೀಜ ಆರಿಸಿ ಉಜ್ಜಲಿ.