ಬೇಸಗೆಯಲ್ಲಿ ಕುಂಡದ ಫ್ಯೂಷಿಯ

ಉದಕಮಂಡಲ, ಕೊಡೈಕನಾಲುಗಳ ತೋಟಗಳನ್ನು ನೋಡಿ ಬಂದವರಿಗೆ, ಜುಮುಕಿಯಂತೆ ಕೆಳಮುಖವಾಗಿ ತೂಗುವ ಕೆಂಪು, ನೇರಳೆ ಹೂಗಳ ಫ್ಯೂಷಿಯ ಗಿಡವು ಅಪರಿಚಿತವೇನಲ್ಲ. ಆ ಗಿಡವನ್ನು ಬಯಲುಸೀಮೆಗೆ ತಂದು ಕುಂಡದಲ್ಲಿ ಬೆಳೆಸಿದರೆ ಚಳಿಗಾಲವನ್ನು ಸುಖವಾಗಿಯೇ ಕಳೆಯುತ್ತದೆ. ಬಿಸಿಲೇರಿದಂತೆ ಮೊಗ್ಗುದುರಿಸಿ, ಎಲೆ ಜೋಲುಹಾಕಿ, ಎಷ್ಟೋ ವೇಳೆ ಮಳೆಗಾಲವನ್ನು ಕಾಣುವ ಮೊದಲೇ ಸಾಯುತ್ತದೆ. ಬೆಳೆಸಿದವರು ನೀರು ಸಾಲದೆ ಹೋಯಿತೆಂದು ಮರುಗುತ್ತಾರೆ. ಆದರೆ ಇಂಥ ಸಾವಿಗೆ ಅನೇಕ ವೇಳೆ ನೀರಿನ ಅಭಾವವಲ್ಲ, ಆತಿಶಯ್ಯವೇ ಕಾರಣವೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಈ ಕುಲಕ್ಕೆ ಹೆಸರಿಟ್ಟವನು ಫ್ರೆಂಚ್ ಸಸ್ಯವಿಜ್ಞಾನಿ ಷಾರ್ಲ್ ಪ್ಲೂಮಿಯೆ. ೧೭೦೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಜರ್ಮನಿಯ ಲಿಯೊನ್‌ಹಾರ್ಟ್ ಫುಕ್ಸ್‌ನ (೧೫೦೧–೧೫೬೬) ಗೌರವಾರ್ಥವಾಗಿ ಈ ನಾಮವನ್ನು ಬಳಸಿದನು. ಕುಲದಲ್ಲಿ ಸುಮಾರು ೧೧೦ ಪ್ರಭೇದಗಳಿವೆ. ಬಹುಪಾಲು ಪ್ರಭೇದಗಳು ಮಧ್ಯ ಮತ್ತು ದಕ್ಷಿಣ ಅಮೆರಿಕಗಳವು. ಆಂಡೀಸ್ ಪರ್ವತಶ್ರೇಣಿಯ ತಂಪಾದ, ಮಂಜು ಕವಿದ ಕಾಡುಗಳೇ ಅವುಗಳ ಮುಖ್ಯ ನೆಲೆ. ಕೆಲವು ಮಾತ್ರ ನ್ಯೂಜಿಲೆಂಡ್, ತಾಹಿತಿಗಳಲ್ಲಿವೆ. ಇಂಥ ನೆಲೆಯಿಂದ ಬಂದ ಗಿಡಕ್ಕೆ ಹಗಲಿನಲ್ಲಿ ಸುಮಾರು ೧೫ರಿಂದ ೨೪ ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆಯು ಹಿತಕರ. ಬೆಂಗಳೂರಿನ ಏಪ್ರಿಲ್ ಹಗಲು ೩೪ ಡಿಗ್ರಿಯನ್ನು ಮುಟ್ಟುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ೪೦ನ್ನು ಮೀರುವ ದಿನಗಳುಂಟು. ಆದುದರಿಂದ ಬೇಸಗೆಯಲ್ಲಿ ನಮ್ಮ ಗುರಿಯು ಹೂವಲ್ಲ, ಗಿಡವನ್ನು ಉಳಿಸಿಕೊಳ್ಳುವುದು.

ಬಾಡುವಿಕೆಯಲ್ಲಿ ಎರಡು ಬಗೆಗಳುಂಟು. ನಡುಹಗಲಿನಲ್ಲಿ ಎಲೆಗಳ ಬಾಷ್ಪವಿಸರ್ಜನೆಯು ಬೇರುಗಳು ನೀರನ್ನು ಹೀರುವ ವೇಗವನ್ನು ಮೀರಿದಾಗ, ಮಣ್ಣು ತೇವವಾಗಿದ್ದರೂ ಎಲೆಗಳು ಜೋಲುತ್ತವೆ. ಸಂಜೆ ತಂಪಾದೊಡನೆ ಗಿಡವು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಇದು ರೋಗವಲ್ಲ, ಇದಕ್ಕೆ ಬೇಕಾದುದು ನೆರಳು, ನೀರಲ್ಲ. ಎರಡನೆಯದು ಬೇರು ಕೊಳೆತು ಉಂಟಾಗುವ ಬಾಡುವಿಕೆ. ಮೊದಲನೆಯದನ್ನು ಕಂಡು ಗಾಬರಿಯಿಂದ ಮತ್ತೆ ಮತ್ತೆ ನೀರು ಹೊಯ್ಯುವವರು ಎರಡನೆಯದಕ್ಕೆ ತಾವೇ ದಾರಿ ಮಾಡಿಕೊಡುತ್ತಾರೆ.

ಇದರ ಕಾರಣವನ್ನು ನೋಡೋಣ. ಬೇರುಗಳೂ ಉಸಿರಾಡುತ್ತವೆ. ಉಷ್ಣತೆಯು ೧೦ ಡಿಗ್ರಿ ಏರಿದರೆ ಉಸಿರಾಟದ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವು ಕಡಮೆ: ೨೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ, ೩೫ ಡಿಗ್ರಿಯಲ್ಲಿ ಸುಮಾರು ೭. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದ್ದರೆ ಹೊರಗಿನ ಗಾಳಿಯೂ ಒಳಸೇರಲಾರದು. ಬೇಡಿಕೆ ಏರಿ ಪೂರೈಕೆ ಇಳಿದಾಗ ಎಳೆಯ ಬೇರುಗಳು ಸಾಯುತ್ತವೆ. ಪಿಥಿಯಂ, ಫೈಟಾಫ್ತರ ಮೊದಲಾದ ರೋಗಾಣುಗಳು ಅವನ್ನು ಸುಲಭವಾಗಿ ಆಕ್ರಮಿಸುತ್ತವೆ. ಬೇರಿಲ್ಲದ ಗಿಡವು ಒದ್ದೆ ಮಣ್ಣಿನಲ್ಲಿ ನಿಂತೇ ಬಾಯಾರಿ ಸಾಯುತ್ತದೆ.

ಇವೆರಡನ್ನು ಬೇರ್ಪಡಿಸಿ ತಿಳಿಯುವ ಬಗೆ ಸರಳವಾದುದು. ಬೆರಳನ್ನು ಒಂದು ಅಂಗುಲ ಮಣ್ಣಿಗಿಳಿಸಿ ನೋಡಬೇಕು. ಕುಂಡವನ್ನು ಎತ್ತಿ ಅದರ ತೂಕವನ್ನು ಅಂದಾಜು ಮಾಡಬೇಕು. ಮಣ್ಣು ಒಣಗಿ ಕುಂಡವು ಹಗುರವಾಗಿದ್ದರೆ, ಬುಡದ ರಂಧ್ರದಿಂದ ಹೊರಬರುವಷ್ಟು ನೀರು ಕೊಡಬೇಕು. ಮಣ್ಣು ತೇವವಾಗಿದ್ದರೆ ಕುಂಡವನ್ನು ನೆರಳಿಗೆ ಸರಿಸಿ ಸಂಜೆಯವರೆಗೆ ಕಾಯಬೇಕು. ಮರುದಿನ ಬೆಳಗ್ಗೆಯೂ ಎಲೆಗಳು ಎದ್ದು ನಿಲ್ಲದಿದ್ದರೆ ಬೇರನ್ನು ಪರೀಕ್ಷಿಸಬೇಕು. ಆರೋಗ್ಯವಂತ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತುದು ಕಂದಾಗಿ, ಮುಟ್ಟಿದರೆ ಸಿಪ್ಪೆ ಕಳಚುತ್ತದೆ.

ಬೇರನ್ನು ತಂಪಾಗಿಡುವುದು ಎಲೆಯನ್ನು ತಂಪಾಗಿಡುವಷ್ಟೇ ಮುಖ್ಯ. ಬಿಸಿಲಿಗೆ ನಿಂತ ಕಪ್ಪು ಪ್ಲಾಸ್ಟಿಕ್ ಕುಂಡದ ಮಣ್ಣು ಸುತ್ತಲಿನ ಗಾಳಿಗಿಂತಲೂ ಹೆಚ್ಚು ಕಾಯಬಲ್ಲುದು. ಸುಟ್ಟ ಮಣ್ಣಿನ ಕುಂಡವಾದರೋ ಕುಡಿಯುವ ನೀರಿನ ಹೂಜಿಯಂತೆ ವರ್ತಿಸುತ್ತದೆ. ಅದರ ಮೈಯಿಂದ ಆವಿಯಾಗುವ ಪ್ರತಿ ಗ್ರಾಂ ನೀರೂ ಸುಮಾರು ೫೮೦ ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಈ ಕುಂಡವನ್ನು ಇನ್ನೊಂದು ದೊಡ್ಡ ಕುಂಡದಲ್ಲಿಟ್ಟು, ನಡುವೆ ಮರಳು ತುಂಬಿ, ಆ ಮರಳನ್ನು ತೇವವಾಗಿಟ್ಟರೆ ಇನ್ನೂ ಮೇಲು. ಹೊರಕುಂಡದಲ್ಲಿಯೂ ನೀರು ಬಸಿದುಹೋಗುವ ರಂಧ್ರವಿರಬೇಕು.

ಬೆಳಗಿನ ಎಳೆಬಿಸಿಲು ಬಿದ್ದು, ಹತ್ತು ಗಂಟೆಯ ಮೇಲೆ ನೆರಳಾಗುವ ಪೂರ್ವದ ಜಗಲಿಯು ಇದಕ್ಕೆ ತಕ್ಕ ಸ್ಥಳ. ಕಾದ ಗೋಡೆಯ ಮತ್ತು ತಾರಸಿಯ ಸಾಮೀಪ್ಯವು ಕೂಡದು. ಬೆಳವಣಿಗೆ ಕುಂದಿರುವ ಈ ಕಾಲದಲ್ಲಿ ಗೊಬ್ಬರ ಕೊಡಬಾರದು. ಮಣ್ಣಿನಲ್ಲಿ ಲವಣಗಳು ಸಂಗ್ರಹವಾದರೆ ಬೇರು ನೀರು ಹೀರುವುದು ಮತ್ತಷ್ಟು ಕಷ್ಟವಾಗುತ್ತದೆ. ಉಗ್ರವಾಗಿ ಕತ್ತರಿಸುವುದನ್ನೂ ತಂಪಿನ ಕಾಲಕ್ಕೆ ಮುಂದೂಡುವುದು ಲೇಸು. ಒಣಹವೆಯಲ್ಲಿ ಕೆಂಪು ನುಸಿಯು ಎಲೆಯ ತಳಭಾಗದಲ್ಲಿ ಹೆಚ್ಚುತ್ತದೆ. ಬೆಳಗಿನ ಹೊತ್ತು ಅಲ್ಲಿಗೆ ನೀರು ಸಿಂಪಡಿಸಿದರೆ ಅದರ ಹಾವಳಿ ತಗ್ಗುತ್ತದೆ. ಚಳಿಗಾಲದಲ್ಲಿಯೇ ಎಳೆಯ ತುದಿಗಳನ್ನು ಕತ್ತರಿಸಿ ಬೇರು ಬರಿಸಿಟ್ಟುಕೊಂಡರೆ, ತಾಯಿಗಿಡ ಸತ್ತರೂ ತಳಿ ಉಳಿಯುತ್ತದೆ.

ಕಾಲೇಜಿನ ಪ್ರಯೋಗಶಾಲೆಗೆ ಇದು ಒಳ್ಳೆಯ ಅಭ್ಯಾಸವಾದೀತು. ಒಂದೇ ಅಳತೆಯ ಮಣ್ಣಿನ ಮತ್ತು ಪ್ಲಾಸ್ಟಿಕ್ ಕುಂಡಗಳಲ್ಲಿ ಒಂದೇ ಬಗೆಯ ಮಣ್ಣು ತುಂಬಿ, ಒಂದೊಂದರಲ್ಲಿಯೂ ಉಷ್ಣಮಾಪಕವನ್ನಿಟ್ಟು, ಬೆಳಗ್ಗೆ, ನಡುಹಗಲು, ಸಂಜೆ ಅಳೆದು ಬರೆದಿಡಲಿ. ಕುಂಡಗಳನ್ನು ತೂಗಿ ನೀರಿನ ನಷ್ಟವನ್ನೂ ಲೆಕ್ಕಹಾಕಲಿ. ಪಠ್ಯದಲ್ಲಿ ಓದಿದ ಬಾಷ್ಪೀಭವನ, ಉಸಿರಾಟ, ಬಾಷ್ಪವಿಸರ್ಜನೆಗಳು ಒಂದು ಗಿಡದ ಅಳಿವು ಉಳಿವುಗಳನ್ನು ಹೇಗೆ ನಿರ್ಧರಿಸುತ್ತವೆ ಎಂಬುದು ವಿದ್ಯಾರ್ಥಿಗಳಿಗೆ ಆಗ ಮನದಟ್ಟಾಗುವುದು.